ಎರಡು ಟೆಸ್ಟ್ ಆಡಿದವನಿಗೂ ಒಂದು ಕಾರ್ಡು

ಹಳೇಬೀಡಿನಿಂದ ಅರಸೀಕೆರೆ ಕಡೆ ಹೊರಟರೆ ಬಾಣಾವರಕ್ಕೆ ಮೊದಲು ಜಾವಗಲ್ ಸಿಗುತ್ತದೆ. ಬಸ್ಸಿನಲ್ಲಿ ಹೊರಗಿನವರು ಯಾರಾದರೂ ಇದ್ದರೆ ಊರಿನ ಬೋರ್ಡು ಓದಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ‘ಶ್ರೀನಾಥ್ ಊರಾ ಇದು?’ ಹೆಸರೇನೋ ಇಲ್ಲಿಯದೇ. ಆದರೆ ಜಾವಗಲ್ ಶ್ರೀನಾಥ್ 1969ರಲ್ಲಿ ಹುಟ್ಟಿದ್ದು ಮೈಸೂರಿನಲ್ಲಿ. ಜಾವಗಲ್ ಯಾವ ತಾಲ್ಲೂಕಿಗೆ ಸೇರಿದೆಯೋ ಆ ಅರಸೀಕೆರೆಯಲ್ಲೇ ಹುಟ್ಟಿ, ಶ್ರೀನಾಥ್ ಜೊತೆ ಕರ್ನಾಟಕಕ್ಕೂ ಭಾರತಕ್ಕೂ ಚೆಂಡು ಎಸೆದ ಇನ್ನೊಬ್ಬ ವೇಗಿ ಇದ್ದರು. ಅವರ ಊರು ಯಾವುದೆಂದು ಯಾವ ಬಸ್ಸಿನಲ್ಲೂ ಯಾರೂ ಕೇಳುವುದಿಲ್ಲ.

ಡೇವಿಡ್ ಜೂಡ್ ಜಾನ್ಸನ್. ಹುಟ್ಟಿದ್ದು 1971ರ ಅಕ್ಟೋಬರ್ 16. ಆಡಿದ್ದು ಎರಡು ಟೆಸ್ಟ್, ಪಡೆದದ್ದು ಮೂರು ವಿಕೆಟ್. 2024ರ ಜೂನ್ 20ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು 52. ಮರುದಿನ ಪತ್ರಿಕೆಗಳಲ್ಲಿ ಸುದ್ದಿ ಬಂತು, ಜೊತೆಗೆ ಆಡಿದವರು ನಾಲ್ಕು ಒಳ್ಳೆಯ ಮಾತಾಡಿದರು, ಅಲ್ಲಿಗೆ ಮುಗಿಯಿತು. ಅರಸೀಕೆರೆ ಎಂದರೆ ರೈಲ್ವೆ ಜಂಕ್ಷನ್, ಕೊಬ್ಬರಿ ಮಾರುಕಟ್ಟೆ, ಮಾಲೇಕಲ್ ತಿರುಪತಿ. ಈ ಪಟ್ಟಿಗೆ ಒಬ್ಬ ಟೆಸ್ಟ್ ಕ್ರಿಕೆಟಿಗನ ಹೆಸರು ಸೇರಿಸಲು ನಮಗೆ ಹೊಳೆಯುವುದೇ ಇಲ್ಲ.

ಇಂಥವರ ನೆನಪು ಉಳಿಯುವುದಕ್ಕೆ ಹೊಗಳಿಕೆ ಸಾಲದು, ಕಾಗದ ಬೇಕು. ಅದನ್ನು ಚೆನ್ನಾಗಿ ಅರಿತವರು ಅಮೆರಿಕದ ಬೇಸ್‌ಬಾಲ್ ಕಾರ್ಡ್ ಸಂಗ್ರಾಹಕರು. ನಮಗೆ ಆ ಆಟದ ಗಂಧಗಾಳಿ ಇಲ್ಲದಿದ್ದರೂ ಅವರ ಹವ್ಯಾಸದಿಂದ ಕಲಿಯುವುದು ಸಾಕಷ್ಟಿದೆ.

1880ರ ದಶಕದಲ್ಲಿ ಅಲ್ಲಿನ ಸಿಗರೇಟ್ ಕಂಪನಿಗಳು ಪ್ಯಾಕೆಟ್ ಮುದುಡದಿರಲಿ ಎಂದು ಒಳಗೊಂದು ರಟ್ಟಿನ ತುಂಡು ಇಡುತ್ತಿದ್ದವು. ರಟ್ಟು ಖಾಲಿ ಏಕೆ ಇರಬೇಕು ಎಂದು ಅದರ ಮೇಲೆ ನಟಿಯರ, ಬಾವುಟಗಳ, ಆಟಗಾರರ ಚಿತ್ರ ಅಚ್ಚು ಹಾಕತೊಡಗಿದವು. ಸಿಗರೇಟ್ ಸೇದಿದ್ದು ಅಪ್ಪ, ರಟ್ಟು ಸೇರಿದ್ದು ಮಗನ ಜೇಬಿಗೆ. 1930ರ ದಶಕದ ಹೊತ್ತಿಗೆ ಸಿಗರೇಟಿನ ಜಾಗಕ್ಕೆ ಬಬಲ್ ಗಮ್ ಬಂದು, ಕಾರ್ಡು ನೇರವಾಗಿ ಮಕ್ಕಳ ಸರಕಾಯಿತು. 1952ರಲ್ಲಿ ಟಾಪ್ಸ್ ಎಂಬ ಗಮ್ ಕಂಪನಿಯ ನೌಕರ ಸೈ ಬರ್ಗರ್ ಬ್ರೂಕ್ಲಿನ್‌ನ ತನ್ನ ಮನೆಯ ಅಡುಗೆಮನೆ ಮೇಜಿನ ಮೇಲೆ 407 ಕಾರ್ಡುಗಳ ಒಂದು ಸರಣಿಯನ್ನು ರೂಪಿಸಿದ. ಮುಂದೆ ಬಣ್ಣದ ಚಿತ್ರ, ಕೆಳಗೆ ಸಹಿ. ಹಿಂದೆ ಆಟಗಾರನ ಎತ್ತರ, ತೂಕ, ಹುಟ್ಟಿದ ಊರು, ನಾಲ್ಕು ಸಾಲಿನ ಪರಿಚಯ, ಹಿಂದಿನ ವರ್ಷದ ಲೆಕ್ಕ, ಒಟ್ಟು ಆಟದ ಲೆಕ್ಕ. ಇವತ್ತಿಗೂ ಕ್ರೀಡಾ ಕಾರ್ಡುಗಳು ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ ಬರುತ್ತಿವೆ.

ಸುದ್ದಿಯಾಗುವುದು ಹಣ. 1909ರಿಂದ 1911ರ ನಡುವೆ ಬಂದ ಟಿ206 ಎಂಬ ಸರಣಿಯಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು 2022ರಲ್ಲಿ 72.5 ಲಕ್ಷ ಡಾಲರ್‌ಗೆ ಕೈ ಬದಲಾಯಿತು. ಆತ ಬೇಡವೆಂದ ಮೇಲೆ ಮುದ್ರಣ ನಿಂತು, ಕೆಲವೇ ಪ್ರತಿಗಳು ಹೊರಬಂದಿದ್ದವು. ಮಕ್ಕಳು ತಂಬಾಕು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲ ಎನ್ನುವವರಿದ್ದಾರೆ, ಕಂಪನಿ ದುಡ್ಡು ಕೊಡಲಿಲ್ಲ ಎಂಬ ಸಿಟ್ಟು ಎನ್ನುವವರೂ ಇದ್ದಾರೆ. ಅದೇ ವರ್ಷದ ಆಗಸ್ಟ್‌ನಲ್ಲಿ 1952ರ ಮಿಕಿ ಮ್ಯಾಂಟಲ್ ಕಾರ್ಡು 1.26 ಕೋಟಿ ಡಾಲರ್‌ಗೆ ಹೋಯಿತು. ಆಗಿನ ದರದಲ್ಲಿ ಸುಮಾರು ನೂರು ಕೋಟಿ ರೂಪಾಯಿ. ಅಂಗೈಯೊಳಗೆ ಅಡಗುವ ರಟ್ಟಿಗೆ!

ನನಗೆ ಈ ನೂರು ಕೋಟಿಯ ಕತೆಯಲ್ಲಿ ರುಚಿ ಕಡಿಮೆ. ರುಚಿ ಇರುವುದು ಉಳಿದ ನಾನೂರ ಚಿಲ್ಲರೆ ಕಾರ್ಡುಗಳಲ್ಲಿ. ಸಂಗ್ರಾಹಕರ ಬಾಯಲ್ಲಿ ಅವು ‘ಕಾಮನ್’. ಒಂದೆರಡು ವರ್ಷ ಆಡಿ ಕಾಣೆಯಾದವರು, ಬೆಂಚಿನ ಮೇಲೆ ಕೂತೇ ದಿನ ಕಳೆದವರು, ಮುಂದೆ ಬೇರೆ ಉದ್ಯೋಗ ಹಿಡಿದವರು. ಆದರೆ ಸರಣಿ ಪೂರ್ತಿ ಮಾಡಲು ಕೂತವನಿಗೆ ಮ್ಯಾಂಟಲ್‌ನಷ್ಟೇ ಅವರೂ ಬೇಕು. ಮ್ಯಾಂಟಲ್ ಇದ್ದು ಅವರಲ್ಲಿ ಒಬ್ಬ ಇಲ್ಲದಿದ್ದರೂ ಸೆಟ್ ಅಪೂರ್ಣ. ಹೀಗೆ ಯಾರಿಗೂ ಬೇಡವಾದವನನ್ನೂ ಯಾರೋ ಒಬ್ಬ ಹುಡುಕಿಕೊಂಡು ಹೊರಡಲೇಬೇಕಾಗುತ್ತದೆ. ಸಿಕ್ಕಿದ ಮೇಲೆ ಹಿಂದೆ ತಿರುಗಿಸಿ ಊರು, ತೂಕ, ಲೆಕ್ಕ ಓದುತ್ತಾನೆ. ಟಿ206 ಸರಣಿಯಲ್ಲಂತೂ ದೊಡ್ಡ ಲೀಗ್ ಮುಟ್ಟದ ಸಣ್ಣ ಲೀಗುಗಳ ಆಟಗಾರರಿಗೂ ಜಾಗವಿತ್ತು. ಅವರಲ್ಲಿ ಕೆಲವರ ಮುಖವನ್ನು ನೂರು ವರ್ಷದ ಮೇಲೂ ಜನ ಗುರುತಿಸುತ್ತಿದ್ದರೆ ಅದು ಈ ರಟ್ಟಿನ ಕೃಪೆ.

ಬೆಲೆಯ ಲೆಕ್ಕಾಚಾರವೂ ಇಲ್ಲಿ ವಿಚಿತ್ರ. ಟಾಪ್ಸ್ 1952ರ ಸರಣಿಯ ಕೊನೆಯ ಕಂತು, ಅಂದರೆ 311ರಿಂದ 407ರವರೆಗಿನ ಕಾರ್ಡುಗಳು, ಅಂಗಡಿಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಿತ್ತು. ಮಾಲು ಉಳಿಯಿತು. ಗೋದಾಮಿನಲ್ಲಿ ಕೊಳೆಯುತ್ತಿದ್ದ ಪೆಟ್ಟಿಗೆಗಳನ್ನು ಬರ್ಗರ್ 1960ರಲ್ಲಿ ದೋಣಿಗೆ ತುಂಬಿಸಿ ಸಮುದ್ರಕ್ಕೆ ಸುರಿಸಿದ. ಹಾಗಾಗಿ ಆ ಕಂತಿನ ಸಾಧಾರಣ ಆಟಗಾರರಿಗೂ ಇವತ್ತು ದೊಡ್ಡ ಬೆಲೆ. ಇನ್ನೊಂದು ಕತೆ ಒಂದನೇ ನಂಬರಿನ ಆಂಡಿ ಪಾಫ್ಕೊನದು. ಒಳ್ಳೆಯ ಆಟಗಾರನೇ, ಆದರೆ ಮ್ಯಾಂಟಲ್ ಸಾಲಿನವನಲ್ಲ. ಮಕ್ಕಳು ಕಾರ್ಡುಗಳನ್ನು ನಂಬರ್ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿಡುತ್ತಿದ್ದರು. ಮೇಲಿದ್ದ ಪಾಫ್ಕೊನಿಗೆ ರಬ್ಬರಿನ ಗೀರು, ಬೆರಳಿನ ಕೊಳೆ, ಮೇಜಿನ ಮೇಲಿನ ನೀರು ಎಲ್ಲವೂ. ಸವೆಯದ ಪಾಫ್ಕೊ ಸಿಗುವುದೇ ಅಪರೂಪವಾಗಿ, ಅಂಥದೊಂದು 1998ರಲ್ಲಿ 80 ಸಾವಿರ ಡಾಲರ್ ಮೀರಿ ಮಾರಾಟವಾಯಿತು. ಆ ಬೆಲೆ ಆಟಗಾರನಿಗಲ್ಲ, ಸವೆಯದೆ ಉಳಿದ ಕಾಗದಕ್ಕೆ.

ಕ್ರಿಕೆಟ್‌ಗೂ ಇಂಥದೇ ಇತಿಹಾಸವಿದೆ. ಇಂಗ್ಲೆಂಡಿನ ವಿಲ್ಸ್ ಸಿಗರೇಟ್ ಕಂಪನಿ 1896ರಲ್ಲೇ ಐವತ್ತು ಕ್ರಿಕೆಟಿಗರ ಕಾರ್ಡುಗಳನ್ನು ತಂದಿತ್ತು. ಜಾನ್ ಪ್ಲೇಯರ್ ಕಂಪನಿ 1938ರಲ್ಲಿ ತಂದ ಐವತ್ತರ ಸೆಟ್ಟು ಈಗಲೂ ಹಳೆಯ ವಸ್ತುಗಳ ಮಾರಾಟದಲ್ಲಿ ಕಾಣಸಿಗುತ್ತದೆ. ಎರಡನೇ ಮಹಾಯುದ್ಧ ಬಂದು ಕಾಗದಕ್ಕೆ ನಿರ್ಬಂಧ ಬಿದ್ದಾಗ ಅಲ್ಲಿ ಈ ಕಾರ್ಡುಗಳು ನಿಂತುಹೋದವು. ನಮ್ಮಲ್ಲಿ ಈ ಗೀಳು ತಡವಾಗಿ ಬಂತು, ಬಂದದ್ದೂ ಬಬಲ್ ಗಮ್ ಜೊತೆಗೆ. ಎಂಬತ್ತು-ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಬಿಗ್ ಫನ್ ನೆನಪಿರುತ್ತದೆ. ಗಮ್ ಬಾಯಿಗೆ, ಕ್ರಿಕೆಟಿಗನ ಚೀಟಿ ಕಂಪಾಸ್ ಬಾಕ್ಸಿಗೆ. ಆಮೇಲೆ ಬಂದವು ಟ್ರಂಪ್ ಕಾರ್ಡುಗಳು: ಮೇಲೆ ಫೋಟೊ, ಕೆಳಗೆ ಪಂದ್ಯ, ರನ್, ಗರಿಷ್ಠ ಮೊತ್ತ, ವಿಕೆಟ್, ಕ್ಯಾಚ್. ‘ನಂದು ರನ್ನು’ ಎಂದು ಒಬ್ಬ ಎಸೆದರೆ ಎದುರಿನವನ ಕಾರ್ಡಿನಲ್ಲಿ ಅದಕ್ಕಿಂತ ಜಾಸ್ತಿ ಇರಬೇಕು, ಇಲ್ಲದಿದ್ದರೆ ಕಾರ್ಡು ಹೋಯಿತು. ‘ಡಬಲ್ ಇದ್ದರೆ ಕೊಡೋ’ ಎಂಬ ಬೇಡಿಕೆ, ಒಂದು ಕಪಿಲ್ ದೇವ್‌ಗೆ ಮೂರು ಇನ್ಯಾರೋ ಎಂಬ ವಿನಿಮಯ ದರ, ಮೇಷ್ಟ್ರು ಕಿತ್ತುಕೊಂಡು ಬೀರುವಿಗೆ ಹಾಕಿದ ಕಟ್ಟು, ಇವು ಬೇಲೂರಿನ ಶಾಲೆಗೂ ಬೆಂಗಳೂರಿನ ಶಾಲೆಗೂ ಒಂದೇ.

ಆದರೆ ಬೇಸ್‌ಬಾಲ್ ಕಾರ್ಡಿಗೂ ನಮ್ಮ ಕಾರ್ಡಿಗೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ತಂಡದ ಬಹುತೇಕ ಎಲ್ಲರನ್ನೂ ಅಚ್ಚು ಹಾಕುವ ರೂಢಿ ಬೆಳೆಯಿತು. ಇಲ್ಲಿ ಗಮ್ ಮಾರುವವನಿಗೆ ಬೇಕಿದ್ದದ್ದು ಗಾವಸ್ಕರ್, ಕಪಿಲ್, ಆಮೇಲೆ ಸಚಿನ್. ಟ್ರಂಪ್ ಕಾರ್ಡಿನ ಆಟವೋ, ಹೆಚ್ಚು ಲೆಕ್ಕ ಇದ್ದವನು ಗೆಲ್ಲುವ ಆಟ. ಪಂದ್ಯ 2, ರನ್ 8, ವಿಕೆಟ್ 3 ಎಂದಿರುವ ಕಾರ್ಡು ಯಾರ ಕೈಗೆ ಬಂದರೂ ಶನಿಕಾಟ. ಅಂಥದನ್ನು ಅಚ್ಚು ಹಾಕಿದರೆ ಕೊಳ್ಳುವವರಾರು? ರಣಜಿ ಆಡಿ ನಿವೃತ್ತರಾದ ನೂರಾರು ಕನ್ನಡಿಗರಿಗೆ ಒಂದು ಅಂಗುಲದ ರಟ್ಟೂ ದಕ್ಕಲಿಲ್ಲ. ಐಪಿಎಲ್ ಬಂದ ಮೇಲೆ ಟಾಪ್ಸ್ ಕಂಪನಿಯೇ ‘ಕ್ರಿಕೆಟ್ ಅಟ್ಯಾಕ್ಸ್’ ಎಂಬ ಕಾರ್ಡು ತಂದಿತು. ಹೊಳಪು ಜಾಸ್ತಿ, ಚರಿತ್ರೆ ಕಡಿಮೆ.

ಹಾಗಾದರೆ ಜಾನ್ಸನ್‌ಗೆ ಕಾರ್ಡು ಮಾಡಿದ್ದರೆ ಹಿಂದಿನ ಬದಿಯಲ್ಲಿ ಏನು ಬರೆಯಬೇಕಿತ್ತು?

ಮೊದಲ ಟೆಸ್ಟ್ 1996ರ ಅಕ್ಟೋಬರ್ 10ರಂದು, ದೆಹಲಿಯ ಫಿರೋಜ್ ಶಾ ಕೋಟ್ಲಾ. ಇಪ್ಪತ್ತೈದು ತುಂಬಲು ಇನ್ನು ಆರು ದಿನ. ಎದುರಾಳಿ ಆಸ್ಟ್ರೇಲಿಯಾ. ಬಾರ್ಡರ್–ಗಾವಸ್ಕರ್ ಟ್ರೋಫಿ ಹೆಸರಿನಲ್ಲಿ ನಡೆದ ಮೊಟ್ಟಮೊದಲ ಪಂದ್ಯ ಅದು, ತೆಂಡೂಲ್ಕರ್ ನಾಯಕನಾದ ಮೊದಲ ಟೆಸ್ಟೂ ಅದೇ. ಶ್ರೀನಾಥ್ ಗಾಯಗೊಂಡಿದ್ದರಿಂದ ಆ ಜಾಗಕ್ಕೆ ಬಂದವರು ಜಾನ್ಸನ್. ತಂಡದ ಪಟ್ಟಿ ಓದಿದರೆ ಈಗಲೂ ಮೈ ಜುಂ ಎನ್ನುತ್ತದೆ: ದ್ರಾವಿಡ್, ಸುನಿಲ್ ಜೋಶಿ, ಕುಂಬ್ಳೆ, ಜಾನ್ಸನ್, ವೆಂಕಟೇಶ್ ಪ್ರಸಾದ್. ಶ್ರೀನಾಥ್ ಇಲ್ಲದೆಯೂ ಐವರು ಕರ್ನಾಟಕದವರು. ನಯನ್ ಮೊಂಗಿಯಾ 152 ಹೊಡೆದರು, ಕುಂಬ್ಳೆ ವಿಕೆಟ್ ಕಿತ್ತರು, ಭಾರತ ಏಳು ವಿಕೆಟ್‌ಗಳಿಂದ ಗೆದ್ದಿತು. ಸ್ಪಿನ್ನಿಗೆ ಒಲಿದ ಆ ಪಿಚ್ಚಿನಲ್ಲಿ ವೇಗಿಗೆ ಕೆಲಸ ಕಡಿಮೆಯೇ. ಆದರೂ ಎರಡನೇ ಇನ್ನಿಂಗ್ಸ್‌ನಲ್ಲಿ ಮೈಕೆಲ್ ಸ್ಲೇಟರ್ ಖಾತೆ ತೆರೆಯುವ ಮೊದಲೇ ಜಾನ್ಸನ್ ಚೆಂಡಿಗೆ ಬ್ಯಾಟು ತಗುಲಿಸಿದರು, ಸ್ಲಿಪ್ಪಿನಲ್ಲಿ ಅಜರುದ್ದೀನ್ ಅದ್ಭುತವಾಗಿ ಹಿಡಿದರು. ಆ ಕ್ಯಾಚು ನೆನಪಿರುವವರು ಬಹಳ ಮಂದಿ. ಚೆಂಡು ಎಸೆದವರು ಯಾರೆಂದು ಕೇಳಿ ನೋಡಿ.

ಆ ಪಂದ್ಯದಲ್ಲಿ ಜಾನ್ಸನ್ ಗಂಟೆಗೆ 157.8 ಕಿಲೋಮೀಟರ್ ವೇಗದಲ್ಲಿ ಒಂದು ಎಸೆತ ಹಾಕಿದರು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಇದನ್ನು ನಾನು ಕಾರ್ಡಿನ ಹಿಂದೆ ಬರೆಯಲಾರೆ. ಸ್ಕೋರ್‌ಕಾರ್ಡಿನಲ್ಲಿ ವೇಗ ನಮೂದಾಗುವುದಿಲ್ಲ, ಮತ್ತು ದಾಖಲೆಯಲ್ಲಿ ಇರುವುದನ್ನಷ್ಟೇ ಬರೆದರೆ ಅವರಿಗೆ ಕಡಿಮೆಯೇನೂ ಆಗದು. ಅವರು ನಿಜಕ್ಕೂ ವೇಗಿ ಎಂಬುದಕ್ಕೆ ಸ್ಲೇಟರ್ ಆಡಿದ ಆ ಹೊಡೆತವೇ ಸಾಕು.

ಎರಡನೇ ಟೆಸ್ಟ್ ಅದೇ ವರ್ಷ ಡಿಸೆಂಬರ್ 26ರಿಂದ, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಈ ಸಲ ಶ್ರೀನಾಥ್, ಪ್ರಸಾದ್, ಜಾನ್ಸನ್ ಮೂವರೂ ಇದ್ದರು. ಭಾರತದ ವೇಗದ ಬೌಲಿಂಗ್ ಪೂರ್ತಿ ಕರ್ನಾಟಕದ ಕೈಯಲ್ಲಿ! ಪ್ರಸಾದ್ ಪಂದ್ಯದಲ್ಲಿ ಹತ್ತು ವಿಕೆಟ್ ಪಡೆದರು. ಜಾನ್ಸನ್ ಪಾಲಿಗೆ ಹರ್ಷಲ್ ಗಿಬ್ಸ್ ಮತ್ತು ಬ್ರಯಾನ್ ಮೆಕ್‌ಮಿಲನ್. ಆದರೆ ಡೊನಾಲ್ಡ್ ಎದುರು ಬ್ಯಾಟಿಂಗ್ ಕುಸಿದು ಭಾರತ 100 ಮತ್ತು 66ಕ್ಕೆ ಆಲೌಟ್ ಆಯಿತು, ಮೂರೇ ದಿನಕ್ಕೆ 328 ರನ್‌ಗಳ ಸೋಲು. ಮುಂದಿನ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆ ಜಾಗಕ್ಕೆ ಬಂದವರೂ ಕನ್ನಡಿಗರೇ, ದೊಡ್ಡ ಗಣೇಶ್. ಜಾನ್ಸನ್‌ಗೆ ಮತ್ತೆ ಕರೆ ಬರಲಿಲ್ಲ.

ಇಲ್ಲಿಗೆ ನಿಲ್ಲಿಸುವುದು ಟ್ರಂಪ್ ಕಾರ್ಡಿನ ಬುದ್ಧಿ. ಒಳ್ಳೆಯ ಕಾರ್ಡಿನ ಹಿಂಬದಿ ಇನ್ನೂ ಮುಂದೆ ಹೋಗುತ್ತದೆ. ಪ್ರಥಮ ದರ್ಜೆಯಲ್ಲಿ 39 ಪಂದ್ಯ, 125 ವಿಕೆಟ್, ಬ್ಯಾಟಿನಲ್ಲೂ ಒಂದು ಶತಕ. 1995–96ರ ರಣಜಿಯಲ್ಲಿ ಕೇರಳದ ವಿರುದ್ಧ 152 ರನ್ನಿಗೆ ಹತ್ತು ವಿಕೆಟ್. ಭಾರತ ತಂಡದ ಬಾಗಿಲು ತೆರೆದದ್ದು ಆ ಪಂದ್ಯವೇ. ಆ ಸಲ ರಣಜಿ ಟ್ರೋಫಿಯೂ ಕರ್ನಾಟಕದ್ದಾಯಿತು. ಶ್ರೀನಾಥ್, ಪ್ರಸಾದ್, ಗಣೇಶ್ ಒಂದೇ ಕಾಲಕ್ಕೆ ಇದ್ದ ರಾಜ್ಯದಲ್ಲಿ ನಾಲ್ಕನೆಯ ವೇಗಿಯಾಗುವುದು ಎಷ್ಟು ದೊಡ್ಡದೋ ಅಷ್ಟೇ ದುರದೃಷ್ಟ. ಆಗ ಬೇರೆ ಎಷ್ಟೋ ರಾಜ್ಯಗಳಲ್ಲಿ ಅವರು ಮೊದಲ ಓವರ್ ಹಾಕುವ ಬೌಲರ್ ಆಗಿರುತ್ತಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಹೆಸರು ಉಳಿಸುವ ಕೆಲಸ ಈ ಸೀಮೆಗೆ ಹೊಸದಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ಎಲ್ಲರೂ ಕತ್ತೆತ್ತಿ ನೋಡುವುದು ಶಿಲಾಬಾಲಿಕೆಯರ ಮುಖವನ್ನು. ಹೊರಗೆ ಮಾರುವ ಚಿತ್ರದ ಪೋಸ್ಟ್‌ಕಾರ್ಡುಗಳಲ್ಲೂ ದರ್ಪಣಸುಂದರಿಯದೇ ದರ್ಬಾರು. ಅವರ ಪಾದಪೀಠದ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಹಲವರು ತಮ್ಮ ಹೆಸರು, ಊರು, ಬಿರುದು ಕೊರೆದಿಟ್ಟಿದ್ದಾರೆ. ಮುಂದೆ ಚಿತ್ರ, ಹಿಂದೆ ಪರಿಚಯ ಎಂಬ ಕಾರ್ಡಿನ ಕ್ರಮ ಕಲ್ಲಿನಲ್ಲಿ ಹೀಗಿತ್ತು ಎನ್ನಬಹುದು. ಮಲ್ಲಿತಮ್ಮನೆಂಬ ಶಿಲ್ಪಿ 1196ರ ಅಮೃತಾಪುರದಿಂದ ಸೋಮನಾಥಪುರದವರೆಗೆ ದಶಕಗಟ್ಟಲೆ ಗುಡಿಯಿಂದ ಗುಡಿಗೆ ಕೆಲಸ ಮಾಡಿದವನು, ಜಾವಗಲ್‌ನ ಲಕ್ಷ್ಮೀನರಸಿಂಹ ದೇವಾಲಯದಲ್ಲೂ ಅವನ ಕೈ ಇದೆ. ಅವಸರವೋ ಜಾಗದ ಅಭಾವವೋ, ಕೆಲವು ಕಡೆ ಬರೀ ‘ಮಲ್ಲಿ’ ಎಂದು, ಕೆಲವು ಕಡೆ ಒಂದೇ ಅಕ್ಷರ ‘ಮ’ ಎಂದು ಸಹಿ ಹಾಕಿದ್ದಾನೆ. ಈ ಸಹಿಗಳನ್ನು ಗುಡಿ ಗುಡಿ ಸುತ್ತಿ ಓದಿ, ವರದಿಗಳಲ್ಲಿ ಅಚ್ಚು ಹಾಕಿಸಿದವರಲ್ಲಿ ಮುಖ್ಯರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು. ಬೇಲೂರಿನ ಕೇಶವ ದೇವಾಲಯದ ಬಗ್ಗೆ ಅವರ ಪುಸ್ತಕ ಬಂದದ್ದು 1919ರಲ್ಲಿ. ದೊಡ್ಡ ರಾಜರ ಜೊತೆಗೆ ಒಂದಕ್ಷರದ ಶಿಲ್ಪಿಯನ್ನೂ ಬಿಡದೆ ಪಟ್ಟಿಗೆ ಸೇರಿಸಿದ ಅವರನ್ನು ನಾನು ಕರ್ನಾಟಕದ ಶ್ರೇಷ್ಠ ಸೆಟ್ ಸಂಗ್ರಾಹಕರೆಂದೇ ಕರೆಯುತ್ತೇನೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ಜಾವಗಲ್, ಹಾರನಹಳ್ಳಿ, ನಕ್ಷತ್ರಾಕಾರದ ಮುಖಮಂಟಪವಿರುವ ಅರಸೀಕೆರೆಯ ಈಶ್ವರ ದೇವಾಲಯ ಹೊರಗೇ ಉಳಿದವು. ಪ್ರವಾಸಿಗರ ಪಟ್ಟಿಯಲ್ಲಿ ಅವೂ ‘ಕಾಮನ್’ಗಳೇ.

ಕ್ರಿಕೆಟ್‌ಗೆ ಬರೋಣ. ನಮ್ಮ ರಾಜ್ಯದ ಕಾಮನ್‌ಗಳ ಸೆಟ್ಟು ಯಾರಾದರೂ ಕಟ್ಟಿದರೆ ಅದರಷ್ಟು ಸೊಗಸಾದ ಓದು ಇನ್ನೊಂದಿಲ್ಲ. ಪುತ್ತೂರಿನಲ್ಲಿ ಹುಟ್ಟಿದ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಅವರನ್ನೇ ತೆಗೆದುಕೊಳ್ಳಿ. 1983ರಲ್ಲಿ ಆಡಿದ್ದು ಎರಡೇ ಟೆಸ್ಟ್, ನಾಲ್ಕೇ ವಿಕೆಟ್. ಟ್ರಂಪ್ ಕಾರ್ಡಿನಲ್ಲಿ ಬಿದ್ದುಹೋಗುವ ಲೆಕ್ಕ. ಆದರೆ 1981–82ರ ರಣಜಿ ಸೆಮಿಫೈನಲ್‌ನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಬಾಂಬೆಯ ಮೊದಲ ಇನ್ನಿಂಗ್ಸ್‌ನಲ್ಲಿ ಹ್ಯಾಟ್ರಿಕ್ ಸಮೇತ 123ಕ್ಕೆ 8 ವಿಕೆಟ್ ಉರುಳಿಸಿದ್ದರು. ಎರಡನೇ ಇನ್ನಿಂಗ್ಸ್‌ನಲ್ಲಿ ಗಾವಸ್ಕರ್ ಒಂದು ಉಪಾಯ ಮಾಡಿದರು. ಭಟ್ ಬೌಲಿಂಗ್‌ಗೆ ಬಂದರೆ ಎಡಗೈ ಬ್ಯಾಟ್ಸ್‌ಮನ್ ಆಗಿ ನಿಲ್ಲುವುದು, ಉಳಿದವರಿಗೆ ಎಂದಿನಂತೆ ಬಲಗೈ! ಜಗತ್ತಿನ ಅತ್ಯುತ್ತಮ ಆರಂಭಿಕ ಆಟಗಾರ ನಿಂತ ಭಂಗಿಯನ್ನೇ ಬದಲಿಸುವಂತೆ ಮಾಡಿದ ಬೌಲರ್ ಎಂದರೆ ಸಾಮಾನ್ಯವೇ? ಆ ಸಲದ ಫೈನಲ್ಲೂ ವಿಶೇಷವೇ. ಕರ್ನಾಟಕ 705 ಹೊಡೆದಿತ್ತು, ದೆಹಲಿ ಎಂಟು ವಿಕೆಟ್‌ಗೆ 707 ಮಾಡಿ ಟ್ರೋಫಿ ಒಯ್ದಿತು.

ಬಿ. ವಿಜಯಕೃಷ್ಣ ಒಂದೂ ಟೆಸ್ಟ್ ಆಡಲಿಲ್ಲ. 80 ಪ್ರಥಮ ದರ್ಜೆ ಪಂದ್ಯ, 194 ವಿಕೆಟ್, ಎರಡು ಸಾವಿರಕ್ಕೂ ಹೆಚ್ಚು ರನ್. ಪ್ರಸನ್ನ, ಚಂದ್ರಶೇಖರ್ ಎಂಬ ಇಬ್ಬರು ದಿಗ್ಗಜರು ಇದ್ದ ತಂಡದಲ್ಲೇ ಚೆಂಡು ಪಡೆದು ಪಂದ್ಯ ಗೆಲ್ಲಿಸಿದವರು. ಸುಧಾಕರ ರಾವ್ ಅವರದು 1976ರಲ್ಲಿ ನ್ಯೂಜಿಲೆಂಡ್ ವಿರುದ್ಧ ಒಂದೇ ಒಂದು ಏಕದಿನ ಪಂದ್ಯ. ದೊಡ್ಡ ಗಣೇಶ್‌ಗೆ ನಾಲ್ಕು ಟೆಸ್ಟ್, ಐದು ವಿಕೆಟ್, ಪ್ರಥಮ ದರ್ಜೆಯಲ್ಲಿ ಮಾತ್ರ 365. ವಿಜಯ್ ಭಾರದ್ವಾಜ್ 1999ರಲ್ಲಿ ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಸರಣಿ ಶ್ರೇಷ್ಠರಾಗಿ ಬಂದು, ಒಟ್ಟು ಹತ್ತು ಏಕದಿನ, ಮೂರು ಟೆಸ್ಟ್‌ಗೆ ಮುಗಿಸಿದರು. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ರಣಜಿಯನ್ನೇ ಆಡದೆ ಟೆಸ್ಟ್‌ಗೆ ಕಾಲಿಟ್ಟವರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದರು, ಮುಂದೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿ 2006ರಲ್ಲಿ ಅಲ್ಲೇ ತೀರಿಕೊಂಡರು.

ಈ ಸೆಟ್ಟಿನಲ್ಲಿ ಒಂದು ಕಾರ್ಡು ಎ.ವಿ. ಜಯಪ್ರಕಾಶ್ ಅವರಿಗೂ ಇರಲೇಬೇಕು. ಕರ್ನಾಟಕಕ್ಕೆ ಆಡಿ ಆಮೇಲೆ ಅಂಪೈರ್ ಆದವರು. 1999ರ ಫೆಬ್ರವರಿ 7ರಂದು, ಜಾನ್ಸನ್ ಆಡಿದ ಅದೇ ಕೋಟ್ಲಾದಲ್ಲಿ, ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ಕಿತ್ತಾಗ ಬೌಲಿಂಗ್ ತುದಿಯಲ್ಲಿ ಬೆರಳೆತ್ತಿದವರು ಅವರು. ಇನ್ನೊಂದು ತುದಿಯಿಂದ ಶ್ರೀನಾಥ್, ಹತ್ತನೆಯದು ಎಲ್ಲಿ ತಮಗೇ ಬಿದ್ದುಬಿಡುತ್ತದೋ ಎಂದು ಚೆಂಡನ್ನು ಆಫ್ ಸ್ಟಂಪಿನಿಂದ ಆಚೆಗೆ ಎಸೆಯುತ್ತಿದ್ದರು. ಇದನ್ನು ಯಾವ ಅಂಕಿಯೂ ಹೇಳುವುದಿಲ್ಲ. ಕಾರ್ಡಿನ ಹಿಂದೆ ನಾಲ್ಕು ಸಾಲು ಖಾಲಿ ಬಿಡುವುದು ಇಂಥದಕ್ಕೇ.

ಅಚ್ಚಾದ ಕಾರ್ಡು ಇಲ್ಲ, ಸರಿ. ಬೇರೆ ಕಾಗದ ಇದೆ. ಪಂದ್ಯದ ಟಿಕೆಟ್ಟು, ಸಹಾಯಾರ್ಥ ಪಂದ್ಯಗಳಿಗೆ ಅಚ್ಚು ಹಾಕಿದ ಸ್ಮರಣ ಸಂಚಿಕೆ, ಹಳೆಯ ಸ್ಪೋರ್ಟ್‌ಸ್ಟಾರ್, ‘ಸುಧಾ’ದ ಪುಟ, ‘ಪ್ರಜಾವಾಣಿ’ಯ ಕ್ರೀಡಾಪುಟದ ಕೆಳಮೂಲೆಯಲ್ಲಿ ಚುಕ್ಕಿ ಅಕ್ಷರದಲ್ಲಿ ಬಂದ ರಣಜಿ ಸ್ಕೋರು, ಆಟೋಗ್ರಾಫ್ ಪುಸ್ತಕ. ಅಂಕಿಗಳೆಲ್ಲ ಈಗ ಅಂತರ್ಜಾಲದಲ್ಲಿ ಸಿಗುತ್ತವೆ, ಕಾಗದ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿ ಸಿಗುವುದು ಫಲಿತಾಂಶ. ಆ ದಿನ ವರದಿಗಾರ ಜಾನ್ಸನ್ ಬಗ್ಗೆ ಏನು ಬರೆದ, ಚಿತ್ರದಲ್ಲಿ ಅವರ ಓಟ ಹೇಗಿತ್ತು, ಊರಿನ ಹೆಸರು ಹಾಕಿದ್ದನೋ ಇಲ್ಲವೋ, ಇದಕ್ಕೆಲ್ಲ ಆ ದಿನದ ಪತ್ರಿಕೆಯೇ ಬೇಕು. ಇವತ್ತಿನ ಪಂದ್ಯಗಳ ಪಾಡು ಇನ್ನೂ ಕಷ್ಟ: ಟಿಕೆಟ್ಟು ಮೊಬೈಲಿನಲ್ಲಿ ಬಂದು ಮೊಬೈಲಿನಲ್ಲೇ ಸಾಯುತ್ತದೆ, ಯಂತ್ರದಿಂದ ಬಂದ ಥರ್ಮಲ್ ಕಾಗದದ ಅಕ್ಷರ ಕೆಲವೇ ವರ್ಷಕ್ಕೆ ಮಾಸಿಹೋಗುತ್ತದೆ.

ಕಾಪಾಡುವುದು ಕಷ್ಟವೇನಲ್ಲ, ಕೆಲವು ಕೆಟ್ಟ ಅಭ್ಯಾಸ ಬಿಟ್ಟರೆ ಸಾಕು. ಪತ್ರಿಕೆಯ ಕಾಗದ ಮರದ ತಿರುಳಿನದು. ಅದರಲ್ಲಿರುವ ಲಿಗ್ನಿನ್ ಬೆಳಕು, ಗಾಳಿ ತಾಗಿದಂತೆ ಹಳದಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಗೋಡೆಗೆ ಅಂಟಿಸಬಾರದು, ಬಿಸಿಲು ಬೀಳುವ ಕಡೆ ಇಡಬಾರದು. ಸೆಲೋಟೇಪು ಪರಮ ಶತ್ರು, ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ‘ಲ್ಯಾಮಿನೇಷನ್ ಮಾಡಿಸಿದ್ದೇನೆ, ಇನ್ನು ಭಯವಿಲ್ಲ’ ಎನ್ನುವವರು ಬಹಳ. ಆ ಶಾಖಕ್ಕೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಸಂಗ್ರಾಹಕರ ಲೆಕ್ಕದಲ್ಲಿ ಆ ವಸ್ತು ಅಲ್ಲಿಗೆ ಸತ್ತಂತೆ. ಸ್ಟೇಷನರಿ ಅಂಗಡಿಯ ಅಗ್ಗದ ಪಿವಿಸಿ ಕವರು ಕಾಲಾಂತರದಲ್ಲಿ ಮಸಿಯನ್ನು ಹೀರಿ ಅಂಟಿಕೊಳ್ಳುತ್ತದೆ, ಪಾಲಿಪ್ರೊಪಿಲೀನ್ ಕವರು ವಾಸಿ. ಅರಸೀಕೆರೆಯ ಒಣಹವೆಗೆ ಇದಿಷ್ಟು ಸಾಕು. ಬೇಲೂರಿನಿಂದ ಸಕಲೇಶಪುರದ ಕಡೆಗೆ ಹೋದಷ್ಟೂ ಮಳೆಗಾಲದ ತೇವಕ್ಕೆ ಬೂಷ್ಟು, ಬೆಳ್ಳಿಹುಳ ಎರಡೂ ಕಾದಿರುತ್ತವೆ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಔಷಧದ ಶೀಶೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ, ಮಳೆ ನಿಂತ ಮೇಲೆ ನೆರಳಿನಲ್ಲಿ ಗಾಳಿಗೆ ಹಿಡಿಯುವುದು, ಇವು ನಮ್ಮ ಕೈಗೆಟುಕುವ ಉಪಾಯಗಳು. ರಬ್ಬರ್ ಬ್ಯಾಂಡ್ ಬೇಡ ಎಂದು ಬೇರೆ ಹೇಳಬೇಕಿಲ್ಲ.

ಅಮೆರಿಕದಲ್ಲಿ ಕಾರ್ಡುಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಕೊಡುವ ಪಿಎಸ್‌ಎಯಂಥ ಕಂಪನಿಗಳಿವೆ. ಮೂಲೆ ಚೂಪಾಗಿದೆಯೇ, ಚಿತ್ರ ಮಧ್ಯದಲ್ಲಿದೆಯೇ, ಮೇಲ್ಮೈಯಲ್ಲಿ ಗೀರಿದೆಯೇ ಎಂದು ನೋಡುತ್ತಾರೆ. ನಕಲಿಯನ್ನು ತಡೆಯಲು ಅದು ಬೇಕು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಸೀಲಾದ ಕಾರ್ಡನ್ನು ಬೆರಳಲ್ಲಿ ಹಿಡಿದು ತಿರುಗಿಸಿ ಓದುವ ಸುಖ ಹೋಯಿತು. ನಮ್ಮ ಕೆಲಸಕ್ಕೆ ಅದಾವುದೂ ಬೇಡ. ನಮಗೆ ಬೇಕಾದದ್ದು ಮೂರು ವಿವರ: ಯಾವ ಪತ್ರಿಕೆ, ಯಾವ ತಾರೀಖು, ಯಾವ ಪಂದ್ಯ. ಕತ್ತರಿಸಿದ ಕ್ಷಣದಲ್ಲೇ ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಬೇಕು. ತಾರೀಖಿಲ್ಲದ ಕಟಿಂಗು ಎಷ್ಟು ಅಂದವಾಗಿದ್ದರೂ ಮುಂದೆ ಓದುವವನಿಗೆ ಒಗಟು.

ಎಲ್ಲಿ ಹುಡುಕುವುದು? ನನ್ನ ಅನುಭವದಲ್ಲಿ ದೊಡ್ಡ ಊರಿನ ಹಳೆಯ ಪುಸ್ತಕದಂಗಡಿಗಿಂತ ಸಣ್ಣ ಊರಿನ ರದ್ದಿ ಅಂಗಡಿ ಮೇಲು. ಅಂಗಡಿಯವನು ಪುಟ ತಿರುಗಿಸಿ ಬೆಲೆ ಏರಿಸುವುದಿಲ್ಲ, ತೂಕಕ್ಕೆ ಕೊಡುತ್ತಾನೆ. ನಿವೃತ್ತ ಮೇಷ್ಟ್ರ ಮನೆ ಖಾಲಿಯಾದಾಗ, ಹಳೆಯ ಕ್ಲಬ್ಬಿನ ಕೋಣೆ ಒಡೆದಾಗ ಬರುವ ಮೂಟೆಗಳ ಮೇಲೆ ಕಣ್ಣಿಡಬೇಕು. ಸ್ಮರಣ ಸಂಚಿಕೆಗಿಂತಲೂ ಅಪರೂಪದ್ದು ಸ್ಕೋರ್ ಬುಕ್ಕು. ಅಂಕಣ ಅಂಕಣವಾಗಿ ಗೆರೆ ಹಾಕಿದ ಉದ್ದನೆಯ ಪುಸ್ತಕ, ಪ್ರತಿ ಎಸೆತಕ್ಕೂ ಒಂದು ಚುಕ್ಕಿ. ಹೊರಗಿನ ರಟ್ಟು ಹರಿದಿರುತ್ತದೆ, ಒಳಗೆ ತಾಲ್ಲೂಕು ಮಟ್ಟದ ಪಂದ್ಯಗಳು, ಹೆಸರು ಬರೀ ಇನಿಷಿಯಲ್ಲಿನಲ್ಲಿ. ಅದು ಸಿಕ್ಕರೆ ಹಾಳೆ ಕೀಳದೆ ಇಡಿಯಾಗಿ ಕೊಳ್ಳಿ. ಆಮೇಲೆ ಆ ಊರಿನಲ್ಲಿ ಆಗ ಆಡುತ್ತಿದ್ದ ಹಿರಿಯರೊಬ್ಬರನ್ನು ಹುಡುಕಿ, ಪಕ್ಕದಲ್ಲಿ ಕೂತು, ಪ್ರತಿ ಇನಿಷಿಯಲ್ಲಿನ ಪೂರ್ತಿ ಹೆಸರನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ. ಅವರಿಗೆ ಎಂಬತ್ತು ದಾಟಿದ್ದರೆ ಈ ವಾರವೇ ಹೋಗಿ.